ಸಹಾಯ ಬೇಕು: ಅರಮಾಯಿಕ್‌ನ ‘ಕೆತಾಬಾ’ ಪದದ ವ್ಯಾಕರಣ

ನಮಸ್ಕಾರ. ಅರಮಾಯಿಕ್ (ಹೀಬ್ರೂ, ಅರಬ್ಬಿಗಳ ಬಳಗದ ಹಳೆಯ ಭಾಷೆ) ಅಥವಾ ಅದರದೇ ಒಂದು ರೂಪವಾದ ಸಿರಿಯಾಕ್ ಕಲಿತವರು ಗುಂಪಿನಲ್ಲಿ ಯಾರಾದರೂ ಇದ್ದೀರಾ? ಬೈಬಲಿನ ದಾನಿಯೇಲನ ಪುಸ್ತಕದ 5ನೇ ಅಧ್ಯಾಯವನ್ನು ಮೂಲ ಅರಮಾಯಿಕ್‌ನಲ್ಲೇ ಓದುತ್ತಿದ್ದೇನೆ. ಬೇಲ್ಶಚ್ಚರ ರಾಜನ ಔತಣದಲ್ಲಿ ಒಂದು ಕೈ ಬಂದು ಗೋಡೆಯ ಮೇಲೆ ಬರೆಯುತ್ತದಲ್ವಾ, ಅದೇ ಭಾಗ.

‘ಕ-ತ-ಬ’ ಅಂದರೆ ಬರೆಯುವುದು. ನಮಗೆ ಗೊತ್ತಿರುವ ಕಿತಾಬು ಕೂಡ ಇದೇ ಧಾತುವಿನದು, ಅರಬ್ಬಿಯಿಂದ ಬಂದದ್ದು. ಇಲ್ಲಿಯವರೆಗೆ ಸರಿ.

ತೊಡಕು ಇರುವುದು ಇಲ್ಲಿ. ಈ ಲಿಪಿಯ ಅಕ್ಷರಗಳು ವ್ಯಂಜನಗಳು, ಸ್ವರಗಳನ್ನು ಬಹುಪಾಲು ಓದುವವರೇ ಸೇರಿಸಿಕೊಳ್ಳಬೇಕು. 5ನೇ ವಚನದ ಕೊನೆಗೆ ಕ-ತ-ಬ-ಹ ಅಂತ ನಾಲ್ಕು ಅಕ್ಷರ ಇದೆ. ಅದು ‘ಕಾತೆಬಾ’, ಅಂದರೆ ಬರೆಯುತ್ತಿದ್ದ ಕೈ. ಅರಮಾಯಿಕ್‌ನಲ್ಲಿ ಕೈ ಸ್ತ್ರೀಲಿಂಗ, ಹಾಗಾಗಿ ಕೊನೆಗೆ ‘ಆ’ ಬಂದಿದೆ. 7ನೇ ವಚನದಲ್ಲೂ ಅದೇ ನಾಲ್ಕು ಅಕ್ಷರ, ಆದರೆ ಓದುವುದು ‘ಕೆತಾಬಾ’, ಅರ್ಥ ‘ಆ ಬರಹ’. ಮುಂದಿನ ವಚನದಲ್ಲಿ ಇದೇ ಪದದ ಕೊನೆಗೆ ‘ಹೇ’ (ಮೇಲಿನ ‘ಹ’ ಅಕ್ಷರ) ಬದಲು ‘ಆಲೆಫ್’ ಎಂಬ ಬೇರೆ ಅಕ್ಷರ ಇದೆ!

7ರಲ್ಲಿ ಪಕ್ಕದಲ್ಲೇ ‘ದೆನಾ’ ಇದೆ. ಅದು ಪುಲ್ಲಿಂಗದ ‘ಈ’. ಹಾಗಾಗಿ ಇಲ್ಲಿನ ‘ಆ’ ಸ್ತ್ರೀಲಿಂಗದ್ದಲ್ಲ, ನಿರ್ದಿಷ್ಟತೆ ತೋರಿಸುವ (ಇಂಗ್ಲಿಷಿನ ‘the’ ಥರದ) ಪ್ರತ್ಯಯ, ಹೇ-ಆಲೆಫ್ ಬರೀ ಕಾಗುಣಿತದ ವ್ಯತ್ಯಾಸ ಅಂತ ನನ್ನ ಅನಿಸಿಕೆ. ಸರಿಯೇ?

ಇನ್ನೊಂದು: ಸಿರಿಯಾಕ್‌ನಲ್ಲಿ ‘ಕ್ತಾಬಾ’ ಅಂದರೆ ಪುಸ್ತಕ. ಆದರೆ ದಾನಿಯೇಲನ ಈ ಅಧ್ಯಾಯದಲ್ಲಿ ಅದು ಗೋಡೆ ಮೇಲಿನ ಬರಹ. ಅರ್ಥ ಹೀಗೆ ಸರಿದದ್ದು ಹೇಗೆ? ಸ್ವರಚಿಹ್ನೆ ಇಲ್ಲದ ಹಳೆಯ ಪ್ರತಿಗಳನ್ನು ಓದುವ ಅಭ್ಯಾಸ ಇರುವವರು ದಯವಿಟ್ಟು ಬಿಡಿಸಿ ಹೇಳಿ. ಉದಾಹರಣೆ ಕೊಟ್ಟರೆ ಇನ್ನೂ ಖುಷಿ.