ಮರು: ‘ಬ್ರೈಡಲ್ ಲೆದರ್’ಗೆ ಕನ್ನಡ? (ಬೆಲ್ಟಿನ ಚೀಟಿ, ನಾಳೆ ಅಚ್ಚಿಗೆ)

ಗೆಳೆಯರೇ,
ಕೈಹೊಲಿಗೆಯ ಬೆಲ್ಟುಗಳಿಗೆ ಕಟ್ಟುವ ಚೀಟಿ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಮೂರು ಬಗೆ ತೊಗಲಿಗೆ ಹೆಸರು ಬೇಕು: ಬ್ರೈಡಲ್ (ಕುದುರೆಯ ತಲೆಗೆ ಕಟ್ಟುವ ಸಜ್ಜಿನದು), ಹಾರ್ನೆಸ್ (ಗಾಡಿಗೆ ಹೂಡುವ ಸಜ್ಜಿನದು), ಲ್ಯಾಟಿಗೊ (ಜೀನು ಬಿಗಿಯುವ ಪಟ್ಟಿಯದು). ಊರೆಲ್ಲ ‘ಬ್ರೈಡಲ್ ಮೇಕಪ್’ ಬೋರ್ಡುಗಳಿರುವಾಗ ‘ಬ್ರೈಡಲ್ ಲೆದರ್’ ಅಂತ ಹಾಗೇ ಬರೆದರೆ ಮದುಮಗಳ ಬೆಲ್ಟು ಅಂದುಕೊಳ್ಳುತ್ತಾರೆ. ಇನ್ನೊಂದು, ಈ ತೊಗಲಿನ ಮೇಲೆ ಬೆಳ್ಳಗೆ ಏಳುವ ‘ಬ್ಲೂಮ್’ಗೆ ಏನನ್ನೋಣ? ಬೂಷ್ಟು ಹಿಡಿದಿದೆ ಅಂತ ಮಾಲು ವಾಪಸ್ ಬರುತ್ತದೆ. ಚೀಟಿ ಎರಡು ಬೆರಳಗಲ. ಉದ್ದುದ್ದ ಸಮಾಸ ಬೇಡ.

---

ಕಡಿವಾಣದ ತೊಗಲು. ಇದರಲ್ಲಿ ಚರ್ಚೆಗೇನಿದೆ? ಲಗಾಮು ಪಾರ್ಸಿ, ಚರ್ಮ ಸಂಸ್ಕೃತ, ಎರಡೂ ಬೇಡ. ಬೆಲ್ಟಿಗೆ ‘ನಡುಪಟ್ಟಿ’ ಅನ್ನಿ.

---

> ಕಡಿವಾಣದ ತೊಗಲು

ಕಡಿವಾಣದಲ್ಲಿ ತೊಗಲೆಲ್ಲಿದೆ? ಕುದುರೆ ಹಲ್ಲಲ್ಲಿ ಕಡಿಯುವ ಕಬ್ಬಿಣ ಅದು. ಪದದಲ್ಲೇ ‘ಕಡಿ’ ಕೂತಿದೆ. ಕೈಗೆ ಬರುವ ಪಟ್ಟಿ ವಾಘೆ. ತಲೆಪಟ್ಟಿ, ಕಬ್ಬಿಣ, ವಾಘೆ ಎಲ್ಲ ಸೇರಿಸಿ ಜನ ಹೇಳುವುದು ಲಗಾಮು ಅಂತಲೇ. ‘ನಡುಪಟ್ಟಿ’ ಅಂದರೆ ಬೆನ್ನುನೋವಿಗೆ ಕಟ್ಟಿಕೊಳ್ಳುವುದು.

---

ಕುದುರೆಯ ಯಾವ ಅಂಗದ್ದು ಅನ್ನುವ ಜಗಳ ಆಮೇಲೆ. ತೊಗಲಿಗೆ ಏನು ಮಾಡಿದ್ದಾರೆ ಅನ್ನುವುದು ಮೊದಲು ಗೊತ್ತಿರಲಿ.

ಮರದ ತೊಗಟೆಯ ಒಗರಿನಲ್ಲಿ ಹದಮಾಡಿದ ದನದ ತೊಗಲಿಗೆ ನೆಣ, ಮೇಣ, ಎಣ್ಣೆ ಉಣಿಸಿದರೆ ಬ್ರೈಡಲ್. ಕೂದಲ ಮಗ್ಗುಲಿನ ಜೊತೆ ಮಾಂಸದ ಮಗ್ಗುಲನ್ನೂ ನುಣುಪು ಮಾಡಿರುತ್ತಾರೆ, ಹಾಗಾಗಿ ಬೆಲ್ಟಿಗೆ ಅಸ್ತರಿ ಬೇಕಿಲ್ಲ. ಇಂಗ್ಲೆಂಡಿನ ಡೆವನ್ ಸೀಮೆಯ ಕಾಲಿಟನ್ನಿನ ಬೇಕರ್ ಕಾರ್ಖಾನೆಯಲ್ಲಿ ಇಂದಿಗೂ ಓಕ್ ತೊಗಟೆಯಲ್ಲೇ ಹದ. ಅಮೆರಿಕದ ಪೆನ್ಸಿಲ್ವೇನಿಯಾದ ವಿಕೆಟ್ ಆಂಡ್ ಕ್ರೇಗ್ ಕಾರ್ಖಾನೆಯ ತೊಗಲಿಗೆ ಡ್ರಮ್ಮಿನಲ್ಲೇ ಬಣ್ಣ ಆಳಕ್ಕಿಳಿದಿರುತ್ತದೆ. ಮೇಲಷ್ಟೇ ಬಳಿದದ್ದಾದರೆ ಕತ್ತರಿಸಿದ ಅಂಚು ತಿಳಿಗಂದಾಗಿ ಕಾಣುತ್ತದೆ. ಬಣ್ಣ ಹಚ್ಚಿ, ಮೇಣ ತಿಕ್ಕಿ ಮುಚ್ಚಬೇಕು.

ಹಾರ್ನೆಸ್‌ಗೆ ಜಿಡ್ಡು ಇನ್ನೂ ಹೆಚ್ಚು; ಮಳೆಯಲ್ಲಿ ಗಾಡಿ ಎಳೆಯುವುದಕ್ಕೆ ಮಾಡಿದ್ದು. ಹೊಸದರಲ್ಲಿ ತಿಳಿಬಣ್ಣದ ಪ್ಯಾಂಟಿಗೆ ಕಲೆ ಬಿದ್ದರೆ ಆಶ್ಚರ್ಯವಿಲ್ಲ. ಲ್ಯಾಟಿಗೊ ತೊಗಟೆಯ ಹದ, ಖನಿಜದ ಹದ ಎರಡನ್ನೂ ಕಂಡದ್ದು. ಮೆತ್ತಗಿರುತ್ತದೆ, ಹಿಗ್ಗುತ್ತದೆ, ದಿನಾ ಹಾಕುವ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬೆಲ್ಟಿಗೆ ನಾನು ಹೇಳುವುದು ಬ್ರೈಡಲ್ಲೇ, ಅದೂ ಬೆನ್ನಿನ ಭಾಗದಿಂದ ಉದ್ದುದ್ದಕ್ಕೆ ಕೊಯ್ದದ್ದು. ಹೊಟ್ಟೆಯ ಭಾಗ ಎಳೆದಷ್ಟೂ ಬರುತ್ತದೆ.

ಚೀಟಿಯಲ್ಲಿ ‘10 ಔನ್ಸ್ ತೂಕ’ ಅಂತ ಅನುವಾದಿಸಬೇಡಿ. ಚದರಡಿಗೆ ಒಂದು ಔನ್ಸ್ ತೂಗುವ ತೊಗಲು ಸುಮಾರು 1/64 ಇಂಚು ದಪ್ಪ, ಅಂದರೆ 0.4 ಮಿ.ಮೀ. ಹತ್ತು ಔನ್ಸ್ ಅಂದರೆ 4 ಮಿ.ಮೀ. ದಪ್ಪ, ಅಷ್ಟು ಬರೆದರೆ ಸಾಕು.

ಬಕಲಿನ ಮಡಿಕೆಯಲ್ಲಿ ಅಂಟು ಬಿಡುತ್ತದೆ ಅನ್ನುವವರಿಗೆ: ಮೇಣ ಕುಡಿದ ಮೈಗೆ ಅಂಟು ಕಚ್ಚದು. ಅರ್ಧ ದಪ್ಪಕ್ಕೆ ಕೆರೆದು, ಮರಳುಕಾಗದದಲ್ಲಿ ತರಿ ಮಾಡಿ, ಆಮೇಲೆ ಅಂಟಿಸಿ ಹೊಲಿಯಿರಿ.

---

ಬ್ಲೂಮ್‌ಗೆ ಪದ ಅಡುಗೆಮನೆಯಲ್ಲೇ ಇದೆ: ಬೂದು. ಬೂದುಗುಂಬಳದ ಮೇಲೆ ಇರುವುದೂ ಮೇಣವೇ. ಉಗುರಲ್ಲಿ ಗೀರಿದರೆ ಕಾಯಿಯಲ್ಲಿ ಹಸಿರು ಗೆರೆ, ಬೆಲ್ಟಿನಲ್ಲಿ ಕಪ್ಪು ಗೆರೆ. ಬೂಷ್ಟು ಹೀಗೆ ಸಮನಾಗಿ ಹರಡುವುದಿಲ್ಲ, ಚುಕ್ಕೆ ಚುಕ್ಕೆಯಾಗಿ ಏಳುತ್ತದೆ, ಮುಗ್ಗಲು ವಾಸನೆ ಬೇರೆ. ಹೇರ್ ಡ್ರೈಯರ್ ಹಿಡಿದರೆ ಬೂದು ಕರಗಿ ಒಳಗೆ ಹೋಗುತ್ತದೆ. ಬೂಷ್ಟು ಎಲ್ಲಿಗೂ ಹೋಗುವುದಿಲ್ಲ.

---

ಬೂದಿ ‘ಭೂತಿ’ಯ ತದ್ಭವ. ಮಹಾಪ್ರಾಣ ತೆಗೆದರೆ ಕನ್ನಡವಾಗಿಬಿಡುತ್ತದೆಯೇ?

---

ಬೂದಿ ದ್ರಾವಿಡದ್ದೇ ಇರಬಹುದು, ತಮಿಳಿನ ‘ಪುೞುದಿ’ (ಧೂಳು) ನೋಡಿಕೊಂಡು ಬನ್ನಿ. ಮೇಣವನ್ನೂ ಓಡಿಸುತ್ತೀರೋ? ಮರಾಠಿಯಲ್ಲೂ ಮೇಣವೇ. ಕಾಗದವನ್ನು ಓಡಿಸಿದರೆ ಚೀಟಿಯೇ ಇಲ್ಲ.

---

ಓಡಿಸುವ ಮಾತಲ್ಲ. ಇದ್ದ ಪದ ಬಿಟ್ಟು ಎರವಲಿಗೆ ಕೈಯೊಡ್ಡುವ ಚಾಳಿಯ ಮಾತು. ಬೇಕಿದ್ದರೆ ‘ನೆಣದೊಗಲು’ ಅನ್ನಿ. ಅಚ್ಚಕನ್ನಡ, ಒಂದೇ ಪದ, ಮಾಡಿದ್ದನ್ನೇ ಹೇಳುತ್ತದೆ.

---

ಚೀಟಿಯಲ್ಲಿ ‘ನೆಣ’ ಕಂಡರೆ ಅರ್ಧ ಗಿರಾಕಿಗಳು ಮುಟ್ಟುವುದಿಲ್ಲ.

---

ತೊಗಲೇನು ಗಿಡದಲ್ಲಿ ಬಿಡುತ್ತದೆಯೇ?

---

ಎಲ್ಲರಿಗೂ ವಂದನೆ. ಬ್ರೈಡಲ್‌ಗೆ ‘ಲಗಾಮು ತೊಗಲು’, ಹಾರ್ನೆಸ್‌ಗೆ ‘ಜಟಕಾ ತೊಗಲು’ ಅಂತ ಹಾಕುತ್ತಿದ್ದೇನೆ. ಲ್ಯಾಟಿಗೊ ಲ್ಯಾಟಿಗೊ ಆಗಿಯೇ ಇರಲಿ. ಸ್ಪ್ಯಾನಿಷಿನಲ್ಲಿ ಅದಕ್ಕೆ ಚಾಟಿ ಅಂತ ಅರ್ಥ, ಹಾಗೆ ಹಾಕಲಾಗದು. ಅಚ್ಚಿಗೆ ಹೋಗುವುದು ಇಷ್ಟು:

“ಲಗಾಮು ತೊಗಲಿನ ಬೆಲ್ಟು, 4 ಮಿ.ಮೀ. ಮೇಲಿನ ಬಿಳಿ ಬೂದು ಮೇಣದ್ದು, ಬೂಷ್ಟಲ್ಲ. ಒಣಬಟ್ಟೆಯಲ್ಲಿ ಒರೆಸಿ. ನೀರು, ಸೋಪು ಬೇಡ.”

---

‘ಸೋಪು’ ಪೋರ್ಚುಗೀಸರದ್ದೋ ಇಂಗ್ಲಿಷಿನದೋ ಇತ್ಯರ್ಥವಾಗದೆ ಅಚ್ಚಿಗೆ ಕಳಿಸಬೇಡಿ.