ಅಪ್‌ಡೇಟ್: ಮೇಲುಕೋಟೆ ಕಾರ್ ರ‍್ಯಾಲಿ ಮುಗಿಯಿತು, ಸಖತ್ತಾಗಿತ್ತು

ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ ಗೆಳೆಯರ ಜೊತೆ ಸುಳಿವು ಹುಡುಕುವ ರ‍್ಯಾಲಿ ಮಾಡಬೇಕು, ಆದರೆ ಯಾರೂ ಜೋರಾಗಿ ಓಡಿಸಬಾರದು, ಉತ್ತರ ಗೂಗಲ್‌ನಲ್ಲೂ ಸಿಗಬಾರದು, ಹೇಗೆ ಅಂತ ಕೇಳಿದ್ದೆ ಅಲ್ವಾ? ಕಳೆದ ಭಾನುವಾರ ಮಾಡಿದೆವು.

ಮೊದಲು ಬಂದವರಿಗೆ ಅಂಕ ಬೇಡ, ಗುಟ್ಟಾಗಿ ಬರೆದಿಟ್ಟ ಸಮಯಕ್ಕೆ ಹತ್ತಿರ ಬಂದವರಿಗೆ ಕೊಡಿ ಅಂತ ಒಬ್ಬರು ಹೇಳಿದ್ದರು. ಅದೇ ಕೆಲಸ ಮಾಡಿತು. ಓವರ್‌ಟೇಕ್ ಮಾಡಿದರೆ ಲಾಭವೇ ಇಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಆರಾಮಾಗಿ ಬಂದರು.

ವಾಟ್ಸಾಪ್‌ನಲ್ಲಿ ಸುಳಿವು ಕಳಿಸುವ ಐಡಿಯಾ ಮಾತ್ರ ನಡೆಯಲಿಲ್ಲ, ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಸುಳಿವು ಹಾಕಿ ಅಂಟಿಸಿದ ಕವರ್‌ಗಳು ಇದ್ದವು, ಬಚಾವ್.

ಗೂಗಲ್ ಕಾಟಕ್ಕೆ ಒಳ್ಳೆ ಮದ್ದು ಅಂದರೆ ಅಲ್ಲೇ ನಿಂತು ಮಾಡುವ ಕೆಲಸ. ಮೇಲುಕೋಟೆಯ ರಾಯಗೋಪುರದ ಎತ್ತರದ ಕಂಬಗಳಲ್ಲಿ ಒಂದರ ಕೆತ್ತನೆ ನೋಡಿ ಚಿತ್ರ ಬರೆಯಿರಿ ಅಂದೆವು. ‘ಪಕ್ಕಪಕ್ಕದಲ್ಲೇ ಇದ್ದಾರೆ, ಒಬ್ಬಳ ನೀರು ಕುಡಿಯಬಹುದಂತೆ, ಇನ್ನೊಬ್ಬಳದು ಬೇಡವಂತೆ’ ಅನ್ನೋ ಒಗಟಿಗೆ ಊರಿನ ಅಜ್ಜಿಯೊಬ್ಬರು ನಗುತ್ತಾ ಅಕ್ಕ ತಂಗಿ ಕೊಳದ ದಾರಿ ತೋರಿಸಿದರಂತೆ!

ನಾವು ಅಂದುಕೊಳ್ಳದೇ ಇದ್ದದ್ದು ಆಲೆಮನೆ. ‘ಒಂದು ಅಚ್ಚು ಬೆಲ್ಲ ತನ್ನಿ’ ಅಂತ ಪಟ್ಟಿಯಲ್ಲಿ ಸುಮ್ನೆ ಬರೆದಿದ್ದೆವು. ಪಾಂಡವಪುರದ ಹತ್ತಿರ ಒಂದು ಆಲೆಮನೆಯವರು ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಪಾಕವನ್ನು ಎಲೆ ಮೇಲೆ ಹಾಕಿ ಕೊಟ್ಟರು, ಬಿಸಿ ಬಿಸಿ, ಬೆರಳಿಗೆ ಎಳೆ ಎಳೆಯಾಗಿ ಅಂಟುತ್ತಿತ್ತು. ಎಲ್ಲ ತಂಡಗಳೂ ಅಲ್ಲೇ ಕೂತುಬಿಟ್ಟವು. ನೀವು ಮಾಡುವುದಾದರೆ ಅಲ್ಲಿಗೆ ಅರ್ಧ ಗಂಟೆ ಜಾಸ್ತಿ ಇಡಿ, ಕೊನೆಯ ಕವರ್ ಪುಳಿಯೋಗರೆ ಅಂಗಡಿಯಲ್ಲೇ ಇರಲಿ.