ಪ್ರವೇಶ ಪರೀಕ್ಷೆಗೆ ತಯಾರಿ ನಡೆಸುವ ವಸತಿ ಶಾಲೆಯಲ್ಲಿ ಆಟ, ಪ್ರವಾಸಗಳಿಗೆ ಹೊತ್ತು ಬೇಡವೇ?

ಪ್ರಶ್ನೆ (ಪಾಲಕರು, ಗದಗ):
ನನ್ನ ಮಗ ಧಾರವಾಡದ ಒಂದು ವಸತಿ ಶಾಲೆಯಲ್ಲಿ ಐದನೆಯ ತರಗತಿ ಓದುತ್ತ, ನವೋದಯ ಮತ್ತು ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ದಸರಾ ರಜೆ ಮುಗಿದ ಮೇಲೆ ಸಂಜೆಯ ಆಟದ ತಾಸನ್ನು ಗಣಿತದ ಅಭ್ಯಾಸಕ್ಕೆ ಕೊಟ್ಟಿದ್ದಾರೆ. ಮಾಗಡಿ ಕೆರೆಯ ಒಂದು ದಿನದ ಪ್ರವಾಸವನ್ನೂ ಬೇಸಿಗೆಗೆ ಮುಂದೂಡಿದ್ದಾರೆ. ಇದು ಸಹಜವೋ, ಪಾಲಕರ ಸಭೆಯಲ್ಲಿ ಕೇಳಬೇಕಾದ ವಿಷಯವೋ, ಬಲ್ಲವರು ತಿಳಿಸಬೇಕು.

ಉತ್ತರ (ನಿವೃತ್ತ ದೈಹಿಕ ಶಿಕ್ಷಕ, ಹಾವೇರಿ):
ಅಗತ್ಯವಾಗಿ ಕೇಳಿರಿ. ನವೋದಯದ ಪರೀಕ್ಷೆ 2 ಗಂಟೆಯದು. ಅದರ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು. ಆಕೃತಿಗಳನ್ನು ನೋಡಿ ತಟ್ಟನೆ ನಿರ್ಧರಿಸಬೇಕಾದ ಆ ಭಾಗದಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಬೆಂಚಿನ ಮೇಲೆಯೇ ಕುಳಿತು ದಣಿದ ಮಗು ಗೊತ್ತಿದ್ದುದನ್ನೂ ತಪ್ಪಿಸುತ್ತದೆ. ಸೈನಿಕ ಶಾಲೆಗಂತೂ ಲಿಖಿತ ಪರೀಕ್ಷೆಯ ಬಳಿಕ ವೈದ್ಯಕೀಯ ತಪಾಸಣೆಯೂ ಇದೆ.

ಆಟದ ತಾಸು ಮರಳಿ ಬಂದರೆ ಯಾವ ಆಟವೆಂಬುದನ್ನೂ ವಿಚಾರಿಸಿ. ಕ್ರಿಕೆಟ್ ಬೇಡವೆನ್ನುವುದಿಲ್ಲ, ಆದರೆ ಒಂದು ತಾಸಿನಲ್ಲಿ ಬ್ಯಾಟು ಸಿಗುವುದು ಜೋರಿರುವ ನಾಲ್ಕಾರು ಹುಡುಗರಿಗೆ. ಖೋ-ಖೋದಲ್ಲಿ 8 ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವನು ಬೆನ್ನಟ್ಟುತ್ತಾನೆ. ಓಡುವವನು ಕೈಗೆ ಸಿಗುವುದಿಲ್ಲವೆಂದು ಕಂಡ ಕ್ಷಣ ಗೆಳೆಯನಿಗೆ ಖೋ ಕೊಟ್ಟು ಅವನ ಜಾಗದಲ್ಲಿ ತಾನು ಕೂರಬೇಕು. ಮನೆ ಬಿಟ್ಟು ಬಂದ ಹತ್ತು ವರ್ಷದ ಮಗುವಿಗೆ ಜೊತೆಯವರನ್ನು ನಂಬುವ ಅಭ್ಯಾಸ ಇದಕ್ಕಿಂತ ಬೇಗ ಬೇರೆಲ್ಲಿಯೂ ಆಗುವುದನ್ನು ನಾನು ನೋಡಿಲ್ಲ. ಖರ್ಚು ಎರಡು ಕಂಬ ಮತ್ತು ಸ್ವಲ್ಪ ಸುಣ್ಣ.

ಉತ್ತರ (ಪಾಲಕಿ, ಹುಬ್ಬಳ್ಳಿ):
ಗುರುಗಳ ಮಾತನ್ನು ಪೂರ್ತಿ ಒಪ್ಪಲಾರೆ. ಸಾಲ ಮಾಡಿ ಶುಲ್ಕ ಕಟ್ಟಿದವರೂ ನಮ್ಮಲ್ಲಿದ್ದಾರೆ. ಕೊನೆಯ ಎರಡು ವಾರ ಆಟ ಅರ್ಧ ತಾಸಿಗೆ ಇಳಿದರೆ ನನ್ನ ತಕರಾರಿಲ್ಲ, ದಸರೆಯಿಂದಲೇ ನಿಲ್ಲಿಸುವುದು ಅತಿಯಾಯಿತು. ಪ್ರವಾಸವನ್ನು ಮಾತ್ರ ಬೇಸಿಗೆಗೆ ತಳ್ಳಬಾರದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಚಳಿಗಾಲದಲ್ಲಿ. ಏಪ್ರಿಲ್‌ನಲ್ಲಿ ಹೋದವರು ಬರೀ ದಂಡೆ ನೋಡಿ ಬರಬೇಕು. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಸೈನಿಕ ಶಾಲೆಯ ಆರನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ 25 ಪ್ರಶ್ನೆಗಳು ಸಾಮಾನ್ಯ ಜ್ಞಾನದವು ಎಂಬುದನ್ನು ನೆನಪಿಸಿದರೆ ಆಡಳಿತದವರು ಒಪ್ಪಲೂಬಹುದು. ಬರುವಾಗ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯನ್ನೂ ತೋರಿಸಲಿ.

ಉತ್ತರ (ನವೋದಯದ ಹಳೆಯ ವಿದ್ಯಾರ್ಥಿನಿ, ಮುಂಡರಗಿ):
ಸೀಟು ಸಿಕ್ಕ ಮೇಲಿನ ಮಾತು ಯಾರೂ ಆಡಲಿಲ್ಲ. ನವೋದಯದಲ್ಲಿ ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಸದನಗಳಿಗೆ ಹಂಚುತ್ತಾರೆ. ಪಂದ್ಯವಿರಲಿ, ಸ್ವಚ್ಛತೆಯ ಪಾಳಿಯಿರಲಿ, ಎಲ್ಲವೂ ಸದನದ ಹೆಸರಿನಲ್ಲಿಯೇ. ಒಂಬತ್ತನೆಯ ತರಗತಿಯಲ್ಲಿ ಕೆಲವರು ಒಂದು ವರ್ಷ ಹಿಂದಿ ಭಾಷಿಕ ರಾಜ್ಯದ ನವೋದಯಕ್ಕೂ ಹೋಗುತ್ತಾರೆ. ಒಳ್ಳೆಯ ಅಂಕ ಪಡೆದು ಬಂದರೂ ಬಟ್ಟೆ ಒಗೆಯಲು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು, ಸೋತ ಸಂಜೆ ಗೆದ್ದವರ ಪಕ್ಕದಲ್ಲಿಯೇ ಮಲಗಲು ಬಾರದೆ ಮೊದಲ ತಿಂಗಳಲ್ಲಿಯೇ ಮನೆಗೆ ಮರಳಿದ ಸಹಪಾಠಿಗಳು ನನಗಿದ್ದರು. ಆದ್ದರಿಂದ ಊಟ ಬಡಿಸುವವರು ಯಾರು, ಭಾನುವಾರ ಮಕ್ಕಳು ಏನು ಮಾಡುತ್ತಾರೆ ಎಂಬುದನ್ನೂ ಸಭೆಯಲ್ಲಿ ಕೇಳಿ. ಒಬ್ಬರೇ ಎದ್ದು ನಿಲ್ಲದೆ, ಮೊದಲೇ ನಾಲ್ಕು ಪಾಲಕರೊಡನೆ ಮಾತಾಡಿಕೊಂಡು ಹೋಗಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಆಟದ ತಾಸನ್ನು ಮರಳಿ ಕೊಡಬೇಕೆಂದೂ ಪ್ರವಾಸವನ್ನು ಚಳಿಗಾಲದಲ್ಲಿಯೇ ಮಾಡಬೇಕೆಂದೂ ಲಿಖಿತವಾಗಿ ಕೇಳುತ್ತೇವೆ. ನರಗುಂದ ಮತ್ತು ರೋಣದ ಇಬ್ಬರು ಪಾಲಕರು ಸಹಿ ಹಾಕಲು ಒಪ್ಪಿದ್ದಾರೆ.